ಆಲೆಮನೆಯೋ, ಸುಗಂಧರಾಜವೋ

ಜನವರಿಯ ಒಂದು ಸಂಜೆ ಟೊರಾಂಟೊದ ಅಂಗಡಿಯೊಂದರಲ್ಲಿ ಅಕ್ಕನ ಮಗಳು ಎಡಗೈಗೆ ಒಂದು ಸೆಂಟು, ಬಲಗೈಗೆ ಇನ್ನೊಂದು ಸೆಂಟು ಹಾಕಿಕೊಂಡು ನನ್ನ ಮೂಗಿನ ಮುಂದೆ ಹಿಡಿದಳು. ಎಡಗೈಯದು ಡಿಯೋರ್‌ನ ‘ಪಾಯಿಸನ್’. ಬಲಗೈಯದು ಮ್ಯೂಗ್ಲೆರ್‌ನ ‘ಏಂಜೆಲ್’. ಎರಡರ ಘಾಟಿಗೂ ನನ್ನ ಕಣ್ಣು ತುಸು ಕಿರಿದಾಯಿತು. ಆಮೇಲೆ ಬೀದಿಗಿಳಿದೆವು. ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗಿನ ಚಳಿ. ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಎರಡೂ ಕೈಗಳಲ್ಲಿ ಏನೂ ಇಲ್ಲ.

“ಹೋಗೇ ಬಿಡ್ತಲ್ಲ ಚಿಕ್ಕಮ್ಮ! ಇಷ್ಟು ದುಡ್ಡು ಕೊಟ್ಟು ಇದನ್ನ ತಗೊಂಡು ಏನು ಮಾಡ್ಲಿ?” ಅಂದಳು.

ಐದು ನಿಮಿಷದ ಮೇಲೆ ಸುರಂಗ ರೈಲು ಹತ್ತಿದೆವು. ಡಬ್ಬಿಯೊಳಗೆ ಬೆಚ್ಚಗಿತ್ತು. ಅವಳು ಕೈಗವಸು ತೆಗೆದು, ಕೋಟಿನ ಗುಂಡಿ ಬಿಚ್ಚಿದಳು. ಒಂದು ನಿಲ್ದಾಣ ದಾಟುವುದರೊಳಗೆ ಎದುರಿಗಿದ್ದ ಹೆಂಗಸೊಬ್ಬರು ಮಫ್ಲರನ್ನು ಮೂಗಿನ ಮೇಲಕ್ಕೆಳೆದುಕೊಂಡು ಎದ್ದು ಡಬ್ಬಿಯ ಆಚೆ ತುದಿಗೆ ಹೋಗಿ ಕೂತರು. ಹೋಗಿಬಿಟ್ಟಿತು ಅಂದುಕೊಂಡಿದ್ದು ಎಲ್ಲಿಗೂ ಹೋಗಿರಲಿಲ್ಲ, ಬೆಚ್ಚಗಿನ ಗಾಳಿಗಾಗಿ ಕಾದು ಕೂತಿತ್ತು.

ಚಳಿಗಾಲದ ಸಂಜೆಗೆ ಗಟ್ಟಿ ಸೆಂಟು ಯಾವುದು ಅಂತ ಕೇಳುವವರಿಗೆ ಹೇಳಬೇಕಾದ ಮುಖ್ಯ ಸಂಗತಿ ಇದೇ ಎಂದು ನನಗನ್ನಿಸಿದ್ದು ಆ ರೈಲಿನಲ್ಲಿ. ಚಳಿ ನಾಡಿನ ಒಂದು ಸಂಜೆಯಲ್ಲಿ ಎರಡು ಹವಾಮಾನ ಇರುತ್ತವೆ. ಬಾಗಿಲಾಚೆ ಒಂದು, ಬಾಗಿಲೀಚೆ ಒಂದು. ಸೆಂಟು ಆರಿಸುವಾಗ ನಾವು ಆಚೆಯದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ.

ಅವಳಿಗೆ ಫೆಬ್ರವರಿಯಲ್ಲಿ ಎರಡು ಸಂಜೆಗಳಿದ್ದವು. ಒಂದು, ಗೆಳತಿಯ ಪುಟ್ಟ ಫ್ಲ್ಯಾಟಿನಲ್ಲಿ ಹತ್ತು ಹನ್ನೆರಡು ಜನರ ಊಟ. ಇನ್ನೊಂದು, ದೊಡ್ಡ ಸಭಾಂಗಣದಲ್ಲಿ ಸಂಗೀತ ಕಛೇರಿ. ಕೊಳ್ಳಲು ಆಗುವುದು ಒಂದೇ ಸೀಸೆ. ಎರಡೂ ಇಷ್ಟ, ಎರಡಕ್ಕೂ ಹೆದರಿಕೆ. ಈ ಹೆದರಿಕೆ ಸುಮ್ಮನೆ ಹುಟ್ಟಿದ್ದೇನಲ್ಲ. ಇವೆರಡನ್ನೂ ಪ್ರಾಣದಂತೆ ಪ್ರೀತಿಸುವವರಿದ್ದಾರೆ, ವಾಸನೆ ಬಂದರೆ ಎದ್ದು ಹೋಗುವವರೂ ಇದ್ದಾರೆ.

ಪಾಯಿಸನ್ ಬಂದದ್ದು 1985ರಲ್ಲಿ. ಕಟ್ಟಿದವರು ಎದ್ವಾರ್ ಫ್ಲೆಶಿಯೆ. ಕಡುನೇರಳೆ ಬಣ್ಣದ ಸೀಸೆ, ಸೇಬಿನ ಆಕಾರ. ಹೆಸರಿನ ಅರ್ಥ ವಿಷ. ಅದು ಗಟ್ಟಿ ಸೆಂಟುಗಳ ಕಾಲ. 1977ರಲ್ಲಿ ‘ಓಪಿಯಮ್’ ಬಂದಿತ್ತು, 1981ರಲ್ಲಿ ‘ಜಾರ್ಜಿಯೊ’ ಬಂದಿತ್ತು. ಅಗಲ ಭುಜದ ಕೋಟು ತೊಟ್ಟ ಹೆಂಗಸು ಕೋಣೆಗೆ ಬರುವ ಮುಂಚೆಯೇ ಅವಳ ಪರಿಮಳ ಬಂದಿರಬೇಕು ಎನ್ನುವುದು ಆ ದಶಕದ ರೀತಿ. ಅಮೆರಿಕದ ಕೆಲವು ಹೋಟೆಲುಗಳಲ್ಲಿ ಸಿಗರೇಟಿನ ಜೊತೆಗೆ ಪಾಯಿಸನ್ನಿಗೂ ಪ್ರವೇಶವಿಲ್ಲ ಎಂದು ಫಲಕ ಹಾಕಿದ್ದರೆಂಬ ಮಾತು ಈಗಲೂ ಸೆಂಟಿನ ಲೋಕದಲ್ಲಿ ಓಡಾಡುತ್ತದೆ.

ಅದರೊಳಗೆ ಏನಿದೆ? ಮೂಗಿಗೆ ಮೊದಲು ಸಿಗುವುದು ಮಾಗಿ ಸೋರುವ ಪ್ಲಮ್ ಹಣ್ಣು, ಕಪ್ಪು ದ್ರಾಕ್ಷಿ, ದಾಲ್ಚಿನ್ನಿ, ಕೊತ್ತಂಬರಿ ಬೀಜ. ಅದರ ಹಿಂದಿನಿಂದಲೇ ಒಂದು ಬಿಳಿ ಹೂವಿನ ಗೋಡೆ ಎದ್ದು ಬರುತ್ತದೆ. ಆ ಹೂವು ನಮ್ಮ ಸುಗಂಧರಾಜ. ಎಲ್ಲದರ ಅಡಿಯಲ್ಲಿ ಜೇನು, ಧೂಪ, ಅಂಟು ಅಂಟಾದ ರಾಳ. ಇಷ್ಟನ್ನೂ ಇಡೀ ಕೋಣೆಗೆ ಹೊತ್ತೊಯ್ಯುವುದು ಡಮಾಸ್ಕೋನ್ ಎಂಬ ವರ್ಗದ ರಾಸಾಯನಿಕಗಳು. ಇವುಗಳ ಹತ್ತಿರದ ಸಂಬಂಧಿ ಡಮಾಸ್ಕೆನೋನ್ ಗುಲಾಬಿ ಎಣ್ಣೆಯಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಇದ್ದರೂ ಗುಲಾಬಿ ಗುಲಾಬಿಯಾಗುವುದರಲ್ಲಿ ಅದರ ಪಾಲು ದೊಡ್ಡದು. ನೀರಿನ ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಬೆರೆತರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಈ ಬಗೆಯ ವಸ್ತು ಎರಡು ಹನಿ ಹೆಚ್ಚಾದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಡಮಾಸ್ಕೋನ್‌ಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲವಾದ್ದರಿಂದ ಎಷ್ಟು ಬಳಸಬಹುದೆಂಬುದಕ್ಕೆ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘವೇ ಮಿತಿ ಹಾಕಿದೆ. ಹಳೆಯ ಪಾಯಿಸನ್ ಬಲ್ಲವರು ಈಗಿನದು ಮೆತ್ತಗಾಗಿದೆ ಎನ್ನುತ್ತಾರೆ. ಮೆತ್ತಗಾದದ್ದೇ ಇಷ್ಟಿದೆ.

ಏಳು ವರ್ಷದ ಮೇಲೆ, 1992ರಲ್ಲಿ, ಗಾಳಿ ತಿರುಗಿತ್ತು. ಜನಕ್ಕೆ ಗದ್ದಲದ ಸೆಂಟು ಸಾಕಾಗಿ ನೀರಿನಂಥ, ತೊಳೆದಂಥ ವಾಸನೆ ಬೇಕಾಗಿತ್ತು. ಇಸ್ಸೆ ಮಿಯಾಕೆ ಹೆಸರಿನ ‘ಲೋ ದಿಸ್ಸೆ’ ಬಂದದ್ದು ಅದೇ ವರ್ಷ. ಏಂಜೆಲ್ ಬಂದದ್ದೂ ಅದೇ ವರ್ಷ, ನೇರ ಎದುರು ದಿಕ್ಕಿನಿಂದ. ವಸ್ತ್ರ ವಿನ್ಯಾಸಕ ತಿಯರಿ ಮ್ಯೂಗ್ಲೆರ್ ಹುಟ್ಟಿದ್ದು 1948ರಲ್ಲಿ, ಸ್ಟ್ರಾಸ್‌ಬೂರ್ಗ್‌ನಲ್ಲಿ. ಚಿಕ್ಕಂದಿನಲ್ಲಿ ಕಂಡ ಜಾತ್ರೆಯ ವಾಸನೆ, ಅಲ್ಲಿನ ಸಕ್ಕರೆ, ಚಾಕೊಲೇಟ್, ಸುಟ್ಟ ಪಾಕ ತನಗೆ ಬೇಕೆಂದು ಅವರು ಕೇಳಿದರು. ಫ್ರಾನ್ಸಿನ ಗ್ರಾಸ್ ಊರಿನ ಒಲಿವಿಯೆ ಕ್ರೆಸ್ಪ್ ಮತ್ತು ಅವರ ಜೊತೆಗಾರ ಈವ್ ದ ಶಿರಿನ್ ಅದನ್ನು ಕಟ್ಟಿಕೊಟ್ಟರು. ನೀಲಿ ದ್ರವ, ನಕ್ಷತ್ರದ ಆಕಾರದ ಸೀಸೆ. ಖಾಲಿಯಾದರೆ ಮತ್ತೆ ತುಂಬಿಸಿಕೊಳ್ಳಬಹುದು. ಒಂದು ಸೀಸೆ ವರ್ಷಗಟ್ಟಲೆ ಮನೆಯಲ್ಲಿರುತ್ತದೆ ಎನ್ನುವುದು ನನಗೆ ಈ ಸೆಂಟಿನಲ್ಲಿ ಬಹಳ ಹಿಡಿಸಿದ ಸಂಗತಿಗಳಲ್ಲೊಂದು.

ಆ ಜಾತ್ರೆಯ ವಾಸನೆ ನಮಗೂ ಗೊತ್ತು. ಬಾಂಬೆ ಮಿಠಾಯಿ. ಏಂಜೆಲ್‌ನಲ್ಲಿ ಅದನ್ನು ತರುವುದು ಈಥೈಲ್ ಮಾಲ್ಟಾಲ್ ಎಂಬ ವಸ್ತು. ಸಕ್ಕರೆಯನ್ನು ಕಾಯಿಸಿದಾಗ, ಧಾನ್ಯ ಹುರಿದಾಗ ತಾನಾಗಿ ಹುಟ್ಟುವ ವಸ್ತು ಮಾಲ್ಟಾಲ್. ಅದನ್ನು ಪ್ರಯೋಗಾಲಯದಲ್ಲಿ ತುಸು ಬದಲಿಸಿದರೆ ಈಥೈಲ್ ಮಾಲ್ಟಾಲ್. ಅದರ ಘಮ ಮಾಲ್ಟಾಲ್‌ನ ಹಲವು ಪಟ್ಟು. ಅಲ್ಲಿಯವರೆಗೆ ತಿಂಡಿ ತಿನಿಸಿಗೆ ಬೆರೆಸುತ್ತಿದ್ದ ಇದನ್ನು ಸೆಂಟಿಗೆ ಇಷ್ಟು ಧಾರಾಳವಾಗಿ ಯಾರೂ ಸುರಿದಿರಲಿಲ್ಲ. ಇಷ್ಟೇ ಆಗಿದ್ದರೆ ಏಂಜೆಲ್ ಮಕ್ಕಳ ಸೆಂಟಾಗಿ ಮುಗಿದುಹೋಗುತ್ತಿತ್ತು. ಅದರ ಕೆಳಗೆ ಅಷ್ಟೇ ಧಾರಾಳವಾಗಿ ಪಚೌಲಿ ಎಣ್ಣೆ ಹಾಕಿದ್ದರಿಂದಲೇ ಅದು ಏಂಜೆಲ್ ಆಯಿತು. ಪಚೌಲಿಗೆ ಹಸಿ ಮಣ್ಣಿನ, ಹಳೆಯ ಮರದ ಪೆಟ್ಟಿಗೆಯ, ಕರ್ಪೂರದ ವಾಸನೆ. ಸಕ್ಕರೆ ನಾಲಗೆಯನ್ನು ಕರೆಯುತ್ತದೆ, ಮಣ್ಣು ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ಎಳೆದಾಟವೇ ಕೆಲವರಿಗೆ ಪ್ರಾಣ, ಕೆಲವರಿಗೆ ಹಿಂಸೆ. ಆ ಮೇಲೆ ಬಂದ ಸಿಹಿ ಸೆಂಟುಗಳ ಇಡೀ ಸಂತತಿ, 2012ರ ‘ಲಾ ವಿ ಎ ಬೆಲ್’ವರೆಗೆ, ಈ ಒಂದು ಜೋಡಿಯ ಋಣದಲ್ಲಿದೆ.

ನಾನು ಮೊದಲ ಸಲ ಏಂಜೆಲ್ ಮೂಸಿದಾಗ ನೆನಪಾದದ್ದು ಜಾತ್ರೆಯಲ್ಲ, ಆಲೆಮನೆ. ಮಂಡ್ಯದ ಕಡೆ ನೆಂಟರ ಊರಿನಲ್ಲಿ ಚಳಿ ಕಟ್ಟಿದ ರಾತ್ರಿ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಹತ್ತಿರ ನಿಂತಿದ್ದವರಿಗೆ ಇದು ಗೊತ್ತಿರುತ್ತದೆ. ಪಾಕ ಎಳೆ ಬರುವ ಹೊತ್ತಿನ ಸಿಹಿ, ಒಲೆಗೆ ಹಾಕಿದ ಸಿಪ್ಪೆಯ ಹೊಗೆ, ಕಾಲಡಿಯ ಒದ್ದೆ ಮಣ್ಣು ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಅಲ್ಲಿ ಸಿಹಿಯನ್ನೂ ಮಣ್ಣನ್ನೂ ಯಾರೂ ಬೇರೆ ಮಾಡುವುದಿಲ್ಲ. ಹಾಗಾಗಿ ಏಂಜೆಲ್ ವಿಚಿತ್ರ ಎಂದು ಯುರೋಪಿನ ಮೂಗು ಹೇಳಿದರೆ ಅದು ನನಗೆ ಅರ್ಥವಾಗುತ್ತದೆ, ಆದರೆ ನನ್ನ ಮೂಗಿಗೆ ಹಾಗನ್ನಿಸುವುದಿಲ್ಲ. ಬಿಸಿ ಸಕ್ಕರೆಯಲ್ಲಿ ಹುಟ್ಟುವ ವಾಸನೆಯನ್ನು ಚಳಿ ರಾತ್ರಿಯಲ್ಲೇ ಮೊದಲು ಕಂಡವಳು ನಾನು.

ಪಚೌಲಿಯ ಮಾತನ್ನು ಇಷ್ಟಕ್ಕೇ ಬಿಡಲಾಗದು. ಹೆಸರು ಪ್ಯಾರಿಸ್ಸಿನದೆಂಬಂತೆ ಕೇಳಿಸಿದರೂ ಮೂಲದಲ್ಲಿ ಅದು ತಮಿಳಿನ ಹಸಿರೆಲೆ. ನಾವು ಪಚ್ಚೆ ಎಲೆ ಅಂದರೂ ಅದೇ ಆಯಿತು. ನಮ್ಮಲ್ಲಿ ಹೂ ಕಟ್ಟುವವರು ಮರುಗ, ದವನದ ಜೊತೆ ಇಡುವ ಪಚ್ಚೆತೆನೆಯೂ ಅದೇ ಬಳಗದ್ದು. ಹಸಿ ಎಲೆಗೆ ಹೇಳಿಕೊಳ್ಳುವಂಥ ಘಮವಿಲ್ಲ. ಒಣಗಿಸಿ, ಒಂದಿಷ್ಟು ದಿನ ಬಿಟ್ಟು, ಹಬೆಯಲ್ಲಿ ಬಟ್ಟಿ ಇಳಿಸಿದರೆ ಎಣ್ಣೆ ಹೊರಗೆ ಬರುತ್ತದೆ. ಈಗ ಜಗತ್ತಿಗೆ ಬೇಕಾದ ಪಚೌಲಿ ಎಣ್ಣೆಯಲ್ಲಿ ಬಹುಪಾಲು ಇಂಡೊನೇಷ್ಯಾದಿಂದ ಬರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಶಾಲುಗಳು ಯುರೋಪಿಗೆ ಹೋಗುತ್ತಿದ್ದಾಗ ನುಸಿ ಹಿಡಿಯದಂತೆ ಮಡಿಕೆಗಳ ನಡುವೆ ಈ ಒಣ ಎಲೆ ಇಟ್ಟು ಕಳಿಸುತ್ತಿದ್ದರು. ಶಾಲಿಗೆ ವಾಸನೆ ಹತ್ತುತ್ತಿತ್ತು. ಪ್ಯಾರಿಸ್ಸಿನ ಹೆಂಗಸರು ಆ ವಾಸನೆಯಿಂದಲೇ ಅಸಲಿ ಶಾಲು ಯಾವುದೆಂದು ಗುರುತಿಸತೊಡಗಿದರು. ಫ್ರಾನ್ಸಿನಲ್ಲಿ ನಕಲು ನೇಯುವವರು ಎಲೆಯನ್ನೇ ತರಿಸಿಕೊಳ್ಳಬೇಕಾಯಿತು. ಅಂದರೆ ಪಚೌಲಿ ಯುರೋಪಿಗೆ ಕಾಲಿಟ್ಟದ್ದೇ ಚಳಿಯ ಉಣ್ಣೆಯ ಮೇಲೆ ಕೂತು.

ಸುಗಂಧರಾಜದ ಮಾತು ಬೇರೆ. ಅದರ ಮೂಲ ಮೆಕ್ಸಿಕೊ, ಆದರೆ ಈ ನೆಲಕ್ಕೆ ಅದು ಎಷ್ಟು ಒಗ್ಗಿದೆಯೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ‘ಶೃಂಗಾರ’, ‘ಸುವಾಸಿನಿ’, ‘ಪ್ರಜ್ವಲ್’, ‘ವೈಭವ್’ ತಳಿಗಳು ಹುಟ್ಟಿವೆ. ಒಂದೇ ಸುತ್ತಿನ ಎಸಳಿನ ಹೂವಿಗೆ ಘಮ ಹೆಚ್ಚು, ಸುಗಂಧ ತೆಗೆಯುವುದಕ್ಕೆ ಅದೇ ಬೇಕು. ಕಿತ್ತ ಮೇಲೂ ಒಂದೆರಡು ದಿನ ಈ ಹೂವು ಘಮ ಬಿಡುತ್ತಲೇ ಇರುತ್ತದೆ. ಅದಕ್ಕೇ ಗ್ರಾಸ್‌ನಲ್ಲಿ ಹಿಂದೆ ಇದನ್ನು ಕಾಯಿಸದೆ, ಗಾಜಿನ ಮೇಲೆ ಸವರಿದ ಕೊಬ್ಬಿನಲ್ಲಿ ಹೂ ಹರಡಿ, ದಿನವೂ ಹೊಸ ಹೂ ಬದಲಿಸಿ, ಆ ಕೊಬ್ಬು ಘಮವನ್ನು ಹೀರಿಕೊಳ್ಳುವಂತೆ ಮಾಡುತ್ತಿದ್ದರು. ಇದು ಬೆಚ್ಚನೆಯ ರಾತ್ರಿಯ ಹೂವು. ಕತ್ತಲಾದ ಮೇಲೆ ಅದರ ಘಮ ಏರುತ್ತದೆ.

ನಮಗೆ ಅದು ಮದುವೆಯ ಹಾರ, ಹೆಣದ ಮೇಲಿನ ಹಾರವೂ ಹೌದು. ಅಪ್ಪ ತೀರಿಕೊಂಡ ದಿನ ನಡುಮನೆಯ ತುಂಬ ಸುಗಂಧರಾಜವೇ ಇತ್ತು. ಅಂದಿನಿಂದ ಪಾಯಿಸನ್ನಿನ ಹೂವಿನ ಭಾಗ ನನ್ನನ್ನು ಒಂದು ಗಳಿಗೆ ಹಿಡಿದು ನಿಲ್ಲಿಸುತ್ತದೆ. ಅಕ್ಕನ ಮಗಳಿಗೆ ಆಗಿನ್ನೂ ಮೂರು ವರ್ಷ, ಅವಳಿಗೆ ಅದು ಮದುವೆಮನೆಯ ಹೂವು ಮಾತ್ರ. ಒಂದೇ ಮಣಿಕಟ್ಟನ್ನು ಮೂಸುತ್ತಿದ್ದರೂ ನಾವಿಬ್ಬರು ಕಾಣುತ್ತಿದ್ದದ್ದು ಬೇರೆ ಬೇರೆ ಕೋಣೆಗಳನ್ನು. ಇಂಥ ಸೆಂಟುಗಳ ಬಗ್ಗೆ ಜನ ಜಗಳವಾಡುವಾಗ ಅವರು ಸೆಂಟಿನ ಬಗ್ಗೆ ಮಾತ್ರ ಜಗಳವಾಡುತ್ತಿಲ್ಲ ಅನ್ನಿಸುತ್ತದೆ. ಹಾಗಾಗಿ ಯಾವುದು ಶ್ರೇಷ್ಠ ಎಂದು ನಾನು ಹೇಳುವುದಿಲ್ಲ. ಯಾವುದು ಯಾವ ಸಂಜೆಗೆ ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಅದಕ್ಕೆ ಚಳಿ ಏನು ಮಾಡುತ್ತದೆಂದು ನೋಡಬೇಕು. ವಾಸನೆ ಎಂದರೆ ಆವಿಯಾಗಿ ಮೂಗಿಗೆ ಬಂದ ಅಣುಗಳು. ತಣ್ಣಗಾದಷ್ಟೂ ಆವಿಯಾಗುವುದು ಕಡಿಮೆ. ಚರ್ಮದ ಮೇಲ್ಮೈ ಸಾಮಾನ್ಯವಾಗಿ 32ರಿಂದ 34 ಡಿಗ್ರಿ ಇರುತ್ತದೆ. ಹಿಮದಲ್ಲಿ ಬರಿಗೈ ಚಾಚಿದರೆ ಮಣಿಕಟ್ಟು ಬಲು ಬೇಗ ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಇದರ ಮೇಲೆ ಮೂಗಿನೊಳಗಿನ ತೇವವೂ ಒಣಗುತ್ತದೆ, ಅಣುಗಳು ಆ ತೇವದಲ್ಲಿ ಕರಗಿದರೆ ತಾನೆ ನಮಗೆ ವಾಸನೆ ತಿಳಿಯುವುದು. ನಿಂಬೆ, ಕಿತ್ತಳೆಯಂಥ ಹಗುರ ಸೆಂಟುಗಳು ಚಳಿಯಲ್ಲಿ ಸಪ್ಪೆಯೆನಿಸುವುದೂ ಭಾರದ ಸೆಂಟುಗಳು ಚಳಿಗೆ ಹೇಳಿಸಿದ್ದೆನಿಸುವುದೂ ಇದಕ್ಕೇ. ಆದರೆ ಕೋಟಿನೊಳಗೆ, ಸ್ವೆಟರಿನ ಕೆಳಗೆ ಮೈ ಬೆಚ್ಚಗೇ ಇರುತ್ತದೆ. ಅಲ್ಲಿ ಹಾಕಿದ್ದು ಆವಿಯಾಗಿ ಬಟ್ಟೆಯ ಪದರಗಳಲ್ಲಿ ತುಂಬಿಕೊಳ್ಳುತ್ತ ಹೋಗುತ್ತದೆ. ಬೆಚ್ಚನೆಯ ಮನೆಗೆ ಬಂದು ಕೋಟು ಕಳಚಿದ ಗಳಿಗೆಯಲ್ಲಿ ಅದೆಲ್ಲ ಒಟ್ಟಿಗೆ ಹೊರಬೀಳುತ್ತದೆ. ಕಿಟಕಿ ತೆರೆಯದ ಮನೆ, ಹೋಗಲು ಬೇರೆ ದಾರಿ ಇಲ್ಲ.

ಬೀದಿಯಲ್ಲಿ ನಿಂತು “ಇಲ್ಲವಾಯಿತು” ಎಂದು ಇನ್ನೆರಡು ಸಲ ಒತ್ತಿಕೊಂಡು ಒಳಗೆ ಬರುವವರು ಇಲ್ಲೇ ಎಡವುತ್ತಾರೆ. ಮೂಗು ತನ್ನದೇ ವಾಸನೆಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ ಎನ್ನುವುದೂ ಸೇರಿದರೆ, ಹಾಕಿಕೊಂಡವರಿಗೆ ತಮ್ಮ ಸೆಂಟು ಎಷ್ಟಿದೆಯೆಂದು ತಿಳಿಯುವ ದಾರಿಯೇ ಇಲ್ಲ. ಮನೆಯವರನ್ನು ಕೇಳಬೇಕು.

ಕೆನಡಾದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ನೋವಾ ಸ್ಕೋಶಿಯಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಆಸ್ಪತ್ರೆ, ಶಾಲೆ, ಗ್ರಂಥಾಲಯಗಳಿಗೆ ಸೆಂಟು ಹಾಕಿಕೊಂಡು ಬರಬೇಡಿ ಎಂಬ ಕೋರಿಕೆ ಬಹಳ ವರ್ಷಗಳಿಂದ ಇದೆ, ದೇಶದ ಬೇರೆ ಕಡೆಯ ಕಚೇರಿಗಳಲ್ಲೂ ಕಾಣುತ್ತದೆ. ಉಬ್ಬಸವಿರುವವರಿಗೆ, ಅರೆತಲೆನೋವಿನವರಿಗೆ ಇದು ಶೋಕಿಯ ಪ್ರಶ್ನೆಯಲ್ಲ. ಆ ರೈಲಿನ ಹೆಂಗಸು ಎದ್ದು ಹೋದದ್ದಕ್ಕೆ ನನಗೆ ಬೇಸರವಾಗಲಿಲ್ಲ, ಅವರನ್ನು ಎಬ್ಬಿಸಿದೆವಲ್ಲ ಎಂದು ಬೇಸರವಾಯಿತು.

ಮನೆಗೆ ಬಂದ ಮೇಲೆ ಎರಡೂ ಕೈಗಳನ್ನು ಗಂಟೆಗೊಮ್ಮೆ ಮೂಸಿದೆವು. ಸೆಂಟು ಕೊಳ್ಳುವ ಯಾರೇ ಆಗಲಿ ಇದನ್ನು ಮಾಡಲೇಬೇಕು, ಅಂಗಡಿಯ ಕಾಗದದ ಪಟ್ಟಿಯ ಮೇಲೆ ಹತ್ತು ನಿಮಿಷ ನೋಡಿ ತೀರ್ಮಾನಿಸಬಾರದು. ಆ ಹತ್ತು ನಿಮಿಷ ಇಷ್ಟವಾಯಿತೆಂದು ಕೊಂಡವರು ಮುಂದಿನ ಆರು ಗಂಟೆ ಬೇರೆ ಯಾವುದೋ ಸೆಂಟಿನ ಜೊತೆ ಕಳೆಯಬೇಕಾಗುತ್ತದೆ. ಪಾಯಿಸನ್ ಎರಡು ಗಂಟೆ ಅದೇ ಜೋರಿನಲ್ಲಿತ್ತು. ಹಣ್ಣು ಹೋಗಿ ಹೂ ಬಂತು, ಹೂ ತಗ್ಗಿ ಜೇನು ಮತ್ತು ಧೂಪ ಉಳಿಯಿತು. ರಾತ್ರಿ ಹತ್ತಕ್ಕೆ ಅದು ಚರ್ಮಕ್ಕೆ ಹತ್ತಿರವಾಗಿ, ಪೂಜೆ ಮುಗಿದ ಕೋಣೆಯಂತೆ ಹಿತವಾಗಿತ್ತು. ಅಷ್ಟು ಹೊತ್ತಿಗೆ ನನ್ನ ಹಳೆಯ ನೋವೂ ಅದರಲ್ಲಿ ಕಾಣಲಿಲ್ಲ. ಏಂಜೆಲ್ ಮೊದಲ ಅರ್ಧ ಗಂಟೆ ಒರಟು, ಸಕ್ಕರೆಯೊಂದು ಕಡೆ ಕರ್ಪೂರವೊಂದು ಕಡೆ. ಆಮೇಲೆ ಎರಡೂ ಕೂಡಿಕೊಂಡವು. ಆದರೆ ಅದು ತಗ್ಗುವ ಸೆಂಟಲ್ಲ. ಮರುದಿನ ಬೆಳಿಗ್ಗೆ ಸ್ನಾನದ ಮುಂಚೆ ಅವಳ ಕೈಯಲ್ಲಿ ಇನ್ನೂ ಇತ್ತು.

ಫ್ರೆಂಚರು ಸೆಂಟಿನ ಹಿಂಬಾಲಕ್ಕೆ ‘ಸೀಯಾಜ್’ ಎನ್ನುತ್ತಾರೆ. ದೋಣಿ ಹೋದ ಮೇಲೆ ನೀರಿನ ಮೇಲೆ ಉಳಿಯುವ ಗೆರೆಗೂ ಅದೇ ಮಾತು. ಪಾಯಿಸನ್ನಿನ ಗೆರೆ ಅಗಲ, ಬೇಗ ಹರಡಿ ಕೋಣೆಯ ನಾಲ್ಕೂ ಮೂಲೆ ಮುಟ್ಟುತ್ತದೆ. ಏಂಜೆಲ್‌ನ ಗೆರೆ ಉದ್ದ, ಹೋದವರ ಹಿಂದೆ ಬಹಳ ಹೊತ್ತು ಉಳಿಯುತ್ತದೆ. ಎತ್ತರದ ಛಾವಣಿಯ, ನೂರಾರು ಜನರ ಸಭಾಂಗಣಕ್ಕೆ ಪಾಯಿಸನ್ ಹಾಕಿಕೊಂಡರೆ ಜಾಗ ಅದನ್ನು ತಡೆದುಕೊಳ್ಳುತ್ತದೆ. ಹನ್ನೆರಡು ಜನ ಭುಜಕ್ಕೆ ಭುಜ ತಾಗಿಸಿ ಊಟ ಮಾಡುವ ಕೋಣೆಯಲ್ಲಿ ಅದು ಸಾರಿನ ವಾಸನೆಯನ್ನೂ ನುಂಗಿಬಿಡುತ್ತದೆ, ಅಡುಗೆ ಮಾಡಿದವರಿಗೆ ಅದು ಅನ್ಯಾಯ. ಚಳಿಯಲ್ಲಿ ದೂರ ನಡೆದು ಹೋಗುವ ಸಂಜೆಗೆ ಏಂಜೆಲ್. ಹಿಮದ ಗಾಳಿ ಅದರ ಸಕ್ಕರೆಯನ್ನು ತೆಳುಮಾಡುತ್ತದೆ, ಉಳಿದ ಮಣ್ಣು ಉಣ್ಣೆಗೆ ಒಪ್ಪುತ್ತದೆ. ಒಂದೇ ಸೀಸೆ ಎಂದರೆ ಅವಳ ಊರಿನ ಮಟ್ಟಿಗೆ ನನ್ನ ಆಯ್ಕೆ ಏಂಜೆಲ್. ಒಂದೇ ಸಲ ಒತ್ತಬೇಕು, ಹೊಟ್ಟೆಯ ಮೇಲೆ, ಬನಿಯನ್ನಿನ ಕೆಳಗೆ, ಮನೆಯಿಂದ ಹೊರಡುವ ಒಂದು ಗಂಟೆ ಮುಂಚೆ. ಮಫ್ಲರಿಗೆ ಹಾಕಬಾರದು, ಒಮ್ಮೆ ಹತ್ತಿದರೆ ಇಡೀ ಚಳಿಗಾಲ ಬಿಡುವುದಿಲ್ಲ. ಬೆಂಗಳೂರಿನ ಡಿಸೆಂಬರಿನಲ್ಲಿ, ರಾತ್ರಿ ಹದಿನಾರು ಡಿಗ್ರಿಯ ಆಸುಪಾಸಿನಲ್ಲಿ, ಇದರಲ್ಲಿ ಅರ್ಧವೂ ಬೇಡ.

ಕೊಳ್ಳುವಾಗ ಸೀಸೆಯ ಬಣ್ಣ ನೋಡಿಕೊಳ್ಳಿ. ಪಾಯಿಸನ್ ಹೆಸರಿನಲ್ಲಿ ಹಲವಿವೆ: ನೇರಳೆಯದು 1985ರ ಮೂಲ, ಹಸಿರು 1994ರ ‘ತಾಂದ್ರ್’, ಕೆಂಪು 1998ರ ‘ಹಿಪ್ನಾಟಿಕ್’. ಇವು ಒಂದರಂತೆ ಇನ್ನೊಂದಿಲ್ಲ.

“ನೀನು ಹೇಳೋದು ಸರಿ ಚಿಕ್ಕಮ್ಮ, ಆದ್ರೆ ನಂಗೆ ಆ ಹೂವೇ ಬೇಕು” ಎಂದು ಅವಳು ಕೊನೆಗೆ ಪಾಯಿಸನ್ ತಂದಳು. ಊಟದ ದಿನ ಏನೂ ಹಾಕಿಕೊಳ್ಳದೆ ಹೋದಳಂತೆ, ಕಛೇರಿಗೆ ಹಾಕಿಕೊಂಡಳಂತೆ. ನನಗೆ ಸಂತೋಷವಾಯಿತು.

ನಾನು ಊರಿಗೆ ಹೊರಟಾಗ ಅವಳ ಬೂದು ಮಫ್ಲರ್ ನನ್ನ ಪೆಟ್ಟಿಗೆಯಲ್ಲೇ ಉಳಿದಿತ್ತು. ಅಂಗಡಿಗೆ ಹೋದ ದಿನ ಅವಳು ಬಲಗೈಯಿಂದ ಅದನ್ನೇ ಮತ್ತೆ ಮತ್ತೆ ಸರಿಮಾಡಿಕೊಂಡಿದ್ದಳು. ಮಾರ್ಚಿನಲ್ಲಿ ಮೈಸೂರಿನ ಅಕ್ಕನ ಮನೆಯಲ್ಲಿ ಅದನ್ನು ತೆಗೆದು ಕೊಟ್ಟೆ. ಅಕ್ಕ ಬಿಡಿಸಿ ಮೂಗಿಗೆ ಹಿಡಿದಳು. ಸಕ್ಕರೆಯ ವಾಸನೆ ಪೂರ್ತಿ ಹಾರಿಹೋಗಿತ್ತು.

“ಮಗಳು ಅಲ್ಲೂ ಪಚ್ಚೆತೆನೆ ಮುಡೀತಾಳೇನೆ?” ಅಂತ ಕೇಳಿದಳು.